ಮುಳ್ಳುತಂತಿಗೆ ಸಿಕ್ಕ ಸೆರಗು

ನಾನು ಹುಟ್ಟಿ ಬೆಳೆದದ್ದು ಬಾಗಲಕೋಟೆಯ ನವನಗರದಲ್ಲಿ. ಅಲ್ಲಿ ರಸ್ತೆಗಳೆಲ್ಲ ಗೆರೆ ಹೊಡೆದಂತೆ ನೇರ; ಯಾರ ಜಾಗವನ್ನೂ ತುಳಿಯದೆ ಎಲ್ಲಿಗೆ ಬೇಕಾದರೂ ಹೋಗಬಹುದು. ಹಾಗಾಗಿ ಮದುವೆಯಾಗಿ ಗುಡೂರಿಗೆ ಬಂದ ಹೊಸತರಲ್ಲಿ, ಅತ್ತೆಯ ಹಿಂದೆ ಮೊದಲ ಸಲ ಹೊಲಕ್ಕೆ ಹೊರಟಾಗ, ಅವರು ಡಾಂಬರು ರಸ್ತೆ ಬಿಟ್ಟು ಯಾರದೋ ಜೋಳದ ನಡುವೆ ಇಳಿದದ್ದನ್ನು ಕಂಡು ಗಾಬರಿಯಾಗಿ ನಿಂತುಬಿಟ್ಟೆ.

"ಇದು ನಮ್ಮ ಹೊಲಾ ಏನ್ರಿ ಅತ್ತಿ?"

"ಅಲ್ಲವಾ, ಮಂದೀದು."

"ಮತ್ತ ಹಿಂಗ ಹೊಕ್ಕರ ಅವ್ರು ಬೈಯೂದಿಲ್ಲೇನು?"

ಅತ್ತೆ ತಲೆಯ ಮೇಲಿನ ಬುಟ್ಟಿ ಅಲುಗದಂತೆ ಇಡೀ ಮೈ ತಿರುಗಿಸಿ ನನ್ನನ್ನು ನೋಡಿದರು. "ಹೊಲ ಅವರ್ದು. ದಾರಿ ಎಲ್ಲಾರ್ದು. ಬಾ ಲಗೂನ."

ದಾರಿ ಎಂದರೆ ಒಬ್ಬರ ಹಿಂದೆ ಒಬ್ಬರು ನಡೆಯುವಷ್ಟು ಅಗಲದ, ಕಾಲು ಬಿದ್ದು ಬಿದ್ದು ಗಟ್ಟಿಯಾದ ಎರೆಮಣ್ಣಿನ ಪಟ್ಟಿ. ಪ್ರತಿ ವರ್ಷ ಬಿತ್ತುವಾಗ ಕೂರಿಗೆ ಅದರ ಮೇಲೆಯೇ ಹಾದುಹೋಗುತ್ತಿತ್ತು. ವಾರ ಕಳೆಯುವುದರೊಳಗೆ ನಡೆಯುವವರ ಹೆಜ್ಜೆಗೆ ಮತ್ತೆ ಅದೇ ಜಾಗದಲ್ಲಿ ಮೂಡುತ್ತಿತ್ತು. ಹೊಲದ ಯಜಮಾನನಿಗೂ ಅದು ಬೇಸರದ ವಿಷಯವಾಗಿರಲಿಲ್ಲ. ನಾನು ಊರನ್ನು ಅರಿತದ್ದೇ ಆ ದಾರಿಯಲ್ಲಿ. ಯಾರ ಮನೆಯಲ್ಲಿ ಬಸುರಿ ಇದ್ದಾಳೆ, ಯಾರ ಎಮ್ಮೆ ಈದಿದೆ, ಯಾರಿಗೆ ಯಾರ ಮೇಲೆ ಸಿಟ್ಟು ಎನ್ನುವುದೆಲ್ಲ ಮುಂದೆ ನಡೆಯುವವರ ಬೆನ್ನಿನಿಂದ ಹಿಂದಿನವರ ಕಿವಿಗೆ ಬರುತ್ತಿತ್ತು. ತಲೆ ಮೇಲೆ ಬುಟ್ಟಿ ಹೊತ್ತು ಕೈಬಿಟ್ಟು ನಡೆಯುವುದನ್ನೂ ಅಲ್ಲಿಯೇ ಕಲಿತೆ.

ಈಚೆಗೆ ಆ ಹೊಲ ಮಾರಾಟವಾಯಿತು. ಕೊಂಡವರು ಸರಕಾರಿ ನೌಕರಿಯಿಂದ ನಿವೃತ್ತರಾದವರು, ಮೂಲತಃ ಶಿರೂರಿನ ಕಡೆಯವರು. ದಾಳಿಂಬೆ ಹಚ್ಚಿ, ಹನಿ ನೀರಾವರಿ ಮಾಡಿ, ಒಂದು ಶೆಡ್ ಕಟ್ಟಿಸಿಕೊಂಡು ಹೆಂಡತಿಯೊಂದಿಗೆ ಅಲ್ಲೇ ಇರತೊಡಗಿದರು. ಮೊದಮೊದಲು ನಾವು ಹಾದುಹೋಗುವಾಗ ಕೈಯೆತ್ತಿ ನಮಸ್ಕಾರ ಮಾಡುತ್ತಿದ್ದರು. ಆಮೇಲೆ ಒಂದು ಮುಂಜಾನೆ ಹೋಗಿ ನೋಡಿದರೆ ಸಾಲಾಗಿ ಕಲ್ಲುಕಂಬ, ಅವುಗಳ ನಡುವೆ ಹೊಚ್ಚಹೊಸ ಮುಳ್ಳುತಂತಿ. ದಾರಿ ಆ ಕಡೆ, ನಾವು ಈ ಕಡೆ.

ನನ್ನ ಗಂಡ ಮಾತಾಡಲು ಹೋದರು. ಹೊಲದ ಹೊಸ ಯಜಮಾನರು ಒಡೆದ ಪೈಪುಗಳನ್ನು ತಂದು ತೋರಿಸಿದರಂತೆ. "ನಡಕೊಂಡು ಹೋಗೋರ ಮ್ಯಾಲ ನನಗ ಸಿಟ್ಟಿಲ್ರಿ. ಹುಡುಗ್ರು ಬೈಕ್ ಹಾಯ್ಸಿ ಪೈಪ್ ಎಲ್ಲಾ ಒಡದಾರ. ಯಾರನ್ನ ಬಿಡ್ಲಿ, ಯಾರನ್ನ ತಡೀಲಿ?"

ಅದೂ ಸುಳ್ಳಲ್ಲ. ಆದರೆ ಡಾಂಬರು ರಸ್ತೆಯಲ್ಲಿ ಸುತ್ತು ಹಾಕಿ ಹೊಲ ಮುಟ್ಟುವುದರಲ್ಲಿ ಬಿಸಿಲು ನೆತ್ತಿಗೆ ಬರುತ್ತಿತ್ತು. ಕಟ್ಟೆಯ ಮೇಲೆ ಕೂತ ಗಂಡಸರು ತಹಶೀಲ್ದಾರರ ಹತ್ತಿರ ಹೋಗೋಣ, ವಕೀಲರನ್ನು ಕಾಣೋಣ ಎಂದು ಮಾತಾಡತೊಡಗಿದರು. ಅತ್ತೆಗೆ ಅದು ಹಿಡಿಸಲಿಲ್ಲ. "ಕೋರ್ಟಿಗೆ ಹೋದ್ರ ದಾರಿ ಸಿಗಬಹುದು. ಆ ದಾರ್‍ಯಾಗ ಮಾರಿ ತಿರುವಿಕೊಂಡು ಅಡ್ಡಾಡಬೇಕಾಕ್ಕೇತಿ," ಎಂದರು.

ಅಷ್ಟರಲ್ಲಿ ಎಳ್ಳಮವಾಸ್ಯೆ ಬಂತು. ಹೊಲಕ್ಕೆ ಹೋಗಿ ಭೂಮಿತಾಯಿಗೆ ಎಡೆ ಹಿಡಿದು, ಆ ಅಡುಗೆಯನ್ನೇ ಬೆಳೆಯ ಮೇಲೆ ಚರಗ ಚೆಲ್ಲಿ, ಎಲ್ಲರೂ ಅಲ್ಲೇ ಕೂತು ಉಣ್ಣುವ ದಿನ. ನಸುಕಿನಲ್ಲೇ ಎದ್ದು ಸಜ್ಜೆ ರೊಟ್ಟಿ, ಶೇಂಗಾ ಹೋಳಿಗೆ, ಎಣ್ಣೆಗಾಯಿ, ಕಾಳುಪಲ್ಯ ಎಲ್ಲ ಮಾಡಿ ಬುಟ್ಟಿ ಕಟ್ಟಿದೆವು. ಹೊರಟ ಮೇಲೆ ಅತ್ತೆ ಡಾಂಬರು ರಸ್ತೆ ಹಿಡಿಯಲಿಲ್ಲ. ನೇರ ತಂತಿಬೇಲಿಯ ಹತ್ತಿರ ಹೋಗಿ ನಿಂತರು. ಅವರನ್ನು ನೋಡಿ ಅಕ್ಕಪಕ್ಕದ ಮನೆಗಳ ಹೆಣ್ಣುಮಕ್ಕಳೂ ಬುಟ್ಟಿ ಹೊತ್ತು ಹಿಂದೆ ಬಂದರು.

ಯಜಮಾನರು ಗಿಡಗಳ ನಡುವಿನಿಂದ ಬಂದರು. ಅತ್ತೆ ಕೇಳಿದರು, "ಸಾಹೇಬ್ರ, ಹಬ್ಬ ಐತಿ. ಹಾದು ಹೋಗ್ತೇವಿ."

"ಇವತ್ತ ಬಿಟ್ರ ನಾಳೆ ಮತ್ತ ಬೈಕ್ ಬರ್ತಾವ್ರಿ ಅಮ್ಮಾರ. ತಪ್ಪ ತಿಳೀಬ್ಯಾಡ್ರಿ."

"ಆತ ಬಿಡ್ರಿ. ಭೂಮಿತಾಯಿ ಇಲ್ಲೂ ಅದಾಳಲ್ಲ."

ಜಗಳ ಶುರುವಾಯಿತು ಎಂದುಕೊಂಡೆ. ಅತ್ತೆ ಬುಟ್ಟಿ ಇಳಿಸಿ, ಐದು ಕಲ್ಲು ಆರಿಸಿ ಇಟ್ಟು ಪೂಜೆ ಮಾಡಿದರು. ಆಮೇಲೆ ಚರಗದ ಬುಟ್ಟಿ ಎತ್ತಿಕೊಂಡು, "ಹುಲ್ಲುಲ್ಲಿಗೋ!" ಎಂದು ಚರಗದ ಕೂಗು ಹಾಕಿ, ಮೊದಲ ಹಿಡಿಯನ್ನೇ ತಂತಿಯ ಆಚೆ ಅವರ ದಾಳಿಂಬೆ ಗಿಡಗಳ ಮೇಲೆ ಚೆಲ್ಲಿದರು.

"ನಿಮಗೂ ಛಲೋ ಬೆಳೀಲಿ," ಎಂದು ಒಂದು ಹೋಳಿಗೆಯನ್ನು ತಂತಿಯ ನಡುವೆ ಚಾಚಿದರು. "ತಗೋರಿ. ದಾರಿ ಕೊಟ್ರೂ ತಗೋರಿ, ಕೊಡದಿದ್ರೂ ತಗೋರಿ."

ಯಜಮಾನರು ಕೈಚಾಚಿ ಹೋಳಿಗೆ ತೆಗೆದುಕೊಂಡರು. ಅಷ್ಟರಲ್ಲಿ ಶೆಡ್ಡಿನಿಂದ ಅವರ ಹೆಂಡತಿ ಬಂದರು. ಇಳಕಲ್ಲಿನ ನೇಕಾರರ ಮನೆಯ ಮಗಳು ಅವರು. ಹಬ್ಬಕ್ಕೆಂದು ತವರಿನ ಹಳೆಯ ಸೀರೆ ಉಟ್ಟಿದ್ದರು, ಕೆಂಪು ಸೆರಗಿನದು.

"ಎಣ್ಣಿಗಾಯಿ ಏನ್ರಿ? ವಾಸನಿ ಶೆಡ್ಡಿನ ಮಟಾ ಬಂತು."

"ಬರ್ರಿ ಅಕ್ಕಾರ, ಉಣ್ಣಾಕ ಬರ್ರಿ," ಎಂದೆ ನಾನು.

ಗೇಟು ಇದ್ದದ್ದು ಆ ತುದಿಯ ಡಾಂಬರು ರಸ್ತೆಗೆ. ಅವರು ಅತ್ತ ಒಮ್ಮೆ ನೋಡಿ, ನೆರಿಗೆ ಎತ್ತಿಕಟ್ಟಿ, ಎರಡು ತಂತಿಗಳ ನಡುವೆ ಕಾಲು ಹಾಕಿಯೇಬಿಟ್ಟರು.

"ಏ, ಅಲ್ಲಿ ಬ್ಯಾಡ! ಗೇಟಿನಿಂದ ಸುತ್ತು ಹಾಕಿ ಹೋಗು!" ಎಂದರು ಅವರ ಗಂಡ.

"ಎಲ್ಲಾರೂ ಉಂಡು ಎದ್ದ ಮ್ಯಾಲ ಮುಟ್ಟಲೇನು ನಾ?"

ಹೆಣ್ಣುಮಕ್ಕಳೆಲ್ಲ ಘೊಳ್ಳೆಂದು ನಕ್ಕರು. ನಗು ಮುಗಿಯುವಷ್ಟರಲ್ಲಿ ಅವರ ಸೆರಗು ಮುಳ್ಳಿಗೆ ಸಿಕ್ಕಿಬಿಟ್ಟಿತು. ಅರ್ಧ ಮೈ ಈಚೆ, ಅರ್ಧ ಆಚೆ. ನಾನು ಬಿಡಿಸಲು ಹೋದರೆ ಇನ್ನೊಂದು ಮುಳ್ಳು ಹಿಡಿಯಿತು.

"ಯಾರೂ ಜಗ್ಗಬ್ಯಾಡ್ರಿ!" ಅವರು ಚೀರಿದರು. "ನಮ್ಮಪ್ಪ ಕೈಯಾರೆ ನೇಯ್ದ ಸೀರಿ ಇದು." ಆಮೇಲೆ ಗಂಡನ ಕಡೆ ಕತ್ತು ತಿರುಗಿಸಿ, "ತಂತಿ ಕತ್ತರಸ್ರಿ," ಎಂದರು.

"ಹೊಸಾ ತಂತಿ ಐತಿ..."

"ಹೊಸಾದು ಮತ್ತ ಸಿಗತೈತಿ. ಈ ಸೀರಿ ಸಿಗೂದಿಲ್ಲ."

ಯಜಮಾನರು ಹೋಳಿಗೆಯನ್ನು ಬಾಯಲ್ಲಿ ಕಚ್ಚಿಕೊಂಡೇ ಓಡಿ ಶೆಡ್ಡಿನಿಂದ ಪಕ್ಕಡ ತಂದರು. ಟಣ್ ಎಂದು ಮೇಲಿನ ತಂತಿ ಹಿಂದಕ್ಕೆ ಚಿಮ್ಮಿತು; ಮತ್ತೆ ಟಣ್, ಕೆಳಗಿನದು. ಆಕೆ ಮುಗ್ಗರಿಸಿ ಬಂದು ಅತ್ತೆಯ ತೆಕ್ಕೆಗೆ ಬಿದ್ದರು. ಮುಳ್ಳು ಬಿಡಿಸಿಕೊಂಡು ಸೆರಗು ಬೆಳಕಿಗೆ ಹಿಡಿದು ನೋಡಿದರು: ಒಂದು ಎಳೆ ಎದ್ದಿತ್ತು, ಹರಿದಿರಲಿಲ್ಲ. ಮೊದಲು ನಕ್ಕವರು ಯಜಮಾನರೇ. ಪಕ್ಕಡ ಕೈಯಲ್ಲಿ ಹಿಡಿದು, ಹೊಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವಷ್ಟು ನಕ್ಕರು.

ಕತ್ತರಿಸಿದ ಜಾಗದಲ್ಲೇ ಸಾಲಾಗಿ ಕೂತು ಉಂಡೆವು, ಕೆಲವರು ಬೇಲಿಯ ಒಳಗೆ, ಕೆಲವರು ಹೊರಗೆ. ಯಜಮಾನರು ಎಣ್ಣೆಗಾಯಿಯನ್ನು ಮೂರನೇ ಸಲ ಹಾಕಿಸಿಕೊಂಡರು. ಉಂಡು ಎದ್ದ ಮೇಲೆ ಎಲ್ಲರೂ ಹಳೆಯ ದಾರಿಯಲ್ಲೇ ನಮ್ಮ ಹೊಲಕ್ಕೆ ನಡೆದೆವು. ಅಲ್ಲಿ ಚರಗ ಚೆಲ್ಲುವಾಗ ಹಿಂದಿನಿಂದ ನೀರು ಚಿಮುಕಿಸಲು ಯಜಮಾನರೇ ಚರಿಗೆ ಇಸಕೊಂಡರು. ಸಣ್ಣವರಿದ್ದಾಗ ಶಿರೂರಿನಲ್ಲಿ ಅಜ್ಜನ ಹಿಂದೆ ಹಾಗೆ ಓಡುತ್ತಿದ್ದರಂತೆ. ನಾಚುತ್ತ ನಾಚುತ್ತ ಕೂಗಲು ಶುರು ಮಾಡಿದವರು ಕೊನೆಗೆ ನಮಗಿಂತ ಜೋರಾಗಿ ಕೂಗಿದರು.

ಹಬ್ಬ ಮುಗಿದ ಮೇಲೆ ಅವರೇ ಒಂದು ಉಪಾಯ ಮಾಡಿದರು. ಬೇಲಿಯ ಎರಡೂ ಕಡೆ, ದಾರಿ ಹಾಯುವಲ್ಲಿ, ಎರಡೆರಡು ಕಲ್ಲುಕಂಬ ಹತ್ತಿರ ಹತ್ತಿರ ನಿಲ್ಲಿಸಿದರು. ಮನುಷ್ಯರು ದಾಟಬಹುದು, ಬೈಕು ನುಗ್ಗಲಾರದು. ಪೈಪನ್ನು ದಾರಿಯ ಅಡಿ ಹುಗಿಸಿದರು. ಪರೀಕ್ಷೆ ಮಾಡಲು ಮೊದಲು ಹೋದದ್ದು ನನ್ನ ಗಂಡ; ಹೊಟ್ಟೆ ಅಡ್ಡ ಬಂದು ನಡುವೆ ಸಿಕ್ಕಿಕೊಂಡರು. ಊರ ಮಂದಿಯ ನಗು ಕೇಳಲಾರದೆ ಯಜಮಾನರು ಮರುದಿನವೇ ಒಂದು ಕಂಬ ಕಿತ್ತು ಗೇಣು ಸರಿಸಿದರು.

ಈಗ ಇರುವ ತೊಂದರೆ ಬೇರೆ. ಆ ಇಳಕಲ್ಲಿನ ಅಕ್ಕ ಹಾದುಹೋಗುವವರನ್ನೆಲ್ಲ ನಿಲ್ಲಿಸಿ ಚಹಾ ಕುಡಿಸದೆ ಬಿಡುವುದಿಲ್ಲ. ಮಾತಿಗೆ ಕೂತರೆ ಹೊತ್ತು ಹೋದದ್ದೇ ತಿಳಿಯುವುದಿಲ್ಲ. "ಡಾಂಬರು ರಸ್ತೇನಽ ಲಗೂ ಆಕ್ಕೇತಿ ನೋಡವಾ," ಎಂದು ಅತ್ತೆ ದಿನಾಲೂ ಗೊಣಗುತ್ತಾರೆ; ಗೊಣಗುತ್ತಲೇ ಬುಟ್ಟಿ ತಲೆಗೇರಿಸಿ ಕಂಬಗಳ ನಡುವೆ ಹೊಗುತ್ತಾರೆ.