ಮಾಸ್ತರರ ಶನಿವಾರದ ನೋಟ್‌ಬುಕ್ಕು

ಮೊನ್ನೆ ವಿದ್ಯಾಗಿರಿಯ ನಮ್ಮ ಹೈಸ್ಕೂಲಿನ ಸ್ಟಾಫ್ ರೂಮಿನಲ್ಲಿ ಹಿಂದಿ ಟೀಚರು ಹೊಸ ಇಳಕಲ್ ಸೀರೆಯೊಂದನ್ನು ಮೇಜಿನ ಮೇಲೆ ಬಿಚ್ಚಿದರು. ಗಂಜಿಯ ವಾಸನೆ ಮೂಗಿಗೆ ಬಡಿಯಿತು. ಎಲ್ಲರೂ ಸೆರಗಿನ ಕೆಂಪನ್ನು ಹೊಗಳುತ್ತಿದ್ದರೆ ನನ್ನ ಬೆರಳು ತಾನಾಗಿ ಸೆರಗೂ ಮೈಯೂ ಕೂಡುವ ಗೆರೆಗೆ ಹೋಯಿತು.

“ನೀವು ಇಳಕಲ್ಲಿನವರಲ್ಲೇನ್ರಿ? ನಿಮ್ಮ ಮನ್ಯಾಗೂ ಮಗ್ಗ ಇತ್ತೇನ್ರಿ?” ಎಂದು ಅವರು ಕೇಳಿದರು.

ಸುಲಭದ ಪ್ರಶ್ನೆ. ನಾನು ಕೇಳಿಸದವಳಂತೆ ಹತ್ತನೆಯ ತರಗತಿಯ ಮಕ್ಕಳು ತುಂಬಿಕೊಟ್ಟ ಫಾರ್ಮುಗಳನ್ನು ಜೋಡಿಸುತ್ತ ಕುಳಿತೆ. ‘ನಿಮ್ಮ ಸಾಮರ್ಥ್ಯವೇನು, ಮುಂದೇನಾಗುವಿರಿ’ ಎಂದು ಕೇಳುವ ಫಾರ್ಮುಗಳು. ಮಕ್ಕಳಿಗೆ ದಾರಿ ತೋರಿಸುವ ಹೊಣೆ ನನ್ನದಂತೆ. ಯಾರಿಗೆ ಹೇಳೋಣ...

ಇಳಕಲ್ಲಿನಲ್ಲಿ ನಾನು ಒಂಬತ್ತನೆಯ ತರಗತಿಯಲ್ಲಿದ್ದಾಗ ಗಣಿತದ ಮಾಸ್ತರೊಬ್ಬರಿದ್ದರು. ಆಗ ಈ ಫಾರ್ಮು ಗೀರ್ಮು ಇರಲಿಲ್ಲ. ಅವರ ಹತ್ತಿರ ರಟ್ಟು ಹರಿದ ಉದ್ದನೆಯ ನೋಟ್‌ಬುಕ್ಕಿತ್ತು, ಒಬ್ಬೊಬ್ಬರಿಗೆ ಒಂದೊಂದು ಪುಟ. ಶನಿವಾರದ ಕೊನೆಯ ಪಿರಿಯಡ್ಡಿನಲ್ಲಿ ಒಬ್ಬರನ್ನು ಮುಂದೆ ಕರೆದು, ಮನೆಯಲ್ಲಿ ಮಾಡುವ ಕೆಲಸವೊಂದನ್ನು ತೋರಿಸಲು ಹೇಳುತ್ತಿದ್ದರು. ರಾಮಥಾಳದ ಕಡೆಯ ಕುರಿ ಸಾಕುವ ಮನೆಯ ಹುಡುಗಿ, ಕುರಿಗೆ ಜ್ವರ ಬಂದದ್ದನ್ನು ಕಿವಿ ಮುಟ್ಟಿ ತಿಳಿಯುವ ಬಗೆ ವಿವರಿಸಿದಾಗ ಮಾಸ್ತರು ಕುರ್ಚಿಯ ತುದಿಗೆ ಬಂದು ಕೇಳಿದ್ದರು. ಅವಳ ಪುಟದಲ್ಲಿ ಏನು ಬರೆದುಕೊಂಡರೋ... ಈಗ ಅವಳು ಹುನಗುಂದದ ಕಡೆ ದನದ ಡಾಕ್ಟರು.

ನನ್ನ ಸರದಿ ಬಂದಾಗ, “ನನಗೇನೂ ಬರಂಗಿಲ್ರಿ ಸರ್” ಎಂದಿದ್ದೆ. ಶುದ್ಧ ಸುಳ್ಳು. ಅವ್ವ ನೇಯುತ್ತಿದ್ದಳು. ಸೆರಗಿನ ಹಾಸಿನ, ಅಂದರೆ ಮಗ್ಗದ ಮೇಲೆ ಉದ್ದಕ್ಕೆ ಹಾಯುವ, ಎಳೆಗಳನ್ನು ಮೈಯ ಹಾಸಿನ ಎಳೆಗಳಿಗೆ ಒಂದೊಂದಾಗಿ ಕೊಂಡಿ ಹಾಕಿ ಕೂಡಿಸುವ ಕೆಲಸ ನನ್ನದಾಗಿತ್ತು. ಕಣ್ಣು ಮುಚ್ಚಿದರೂ ಎಳೆ ತಪ್ಪುತ್ತಿರಲಿಲ್ಲ. ಆದರೆ ನನ್ನ ಬೆಂಚಿನಲ್ಲಿ ಕೂಡುತ್ತಿದ್ದವರು ಬ್ಯಾಂಕಿನವರ, ಗ್ರಾನೈಟ್ ಫ್ಯಾಕ್ಟರಿಯವರ ಮಕ್ಕಳು. ನಮ್ಮದು ಸೀರೆ ಅಂಗಡಿ ಎಂದು ಅವರೆದುರು ಕೊಚ್ಚಿಕೊಂಡಿದ್ದೆ.

ಮಾಸ್ತರು ಬಿಡುವವರಲ್ಲ. ಒಂದು ಸಂಜೆ ಮನೆಗೇ ಬಂದರು. ನಾನು ಮಗ್ಗದ ಕುಣಿಯಲ್ಲಿ ಕಾಲಿಳಿಬಿಟ್ಟು ಕೊಂಡಿ ಹಾಕುತ್ತಿದ್ದೆ. ಅವ್ವ ಗಡಬಡಿಸಿ ಚಹಾ ಮಾಡಿ ತಂದಳು. ಅದು ಆರುವವರೆಗೂ ಅವರು ನನ್ನ ಬೆರಳನ್ನೇ ನೋಡುತ್ತ ನಿಂತರು.

“ಇಂಥಾದ್ದನ್ನ ಯಾಕ ಮುಚ್ಚಿಟ್ಟಿಯವ್ವಾ? ಇದನ್ನ ಕಲಿಸೋ ಡಿಪ್ಲೊಮಾ ಅದ. ಹತ್ತನೇತ್ತಾ ಮುಗೀಲಿ, ಅರ್ಜಿ ನಾನ ತಂದು ಕೊಡ್ತೇನಿ.”

ಅವ್ವನ ಮುಖ ಅಷ್ಟು ಅರಳಿದ್ದನ್ನು ನಾನು ಮತ್ತೆ ನೋಡಲಿಲ್ಲ.

ಮುಂದಿನ ಶನಿವಾರ ಅವರು ನೂಲಿನ ಲಡಿಯೊಂದನ್ನು ತಂದು ಮೇಜಿನ ಮೇಲಿಟ್ಟರು. “ಈಕಿ ಮನ್ಯಾಗ ಮಗ್ಗದ ಮ್ಯಾಲ ಎಂಥಾ ಕೊಂಡಿ ಹಾಕ್ತಾಳ, ನೀವೆಲ್ಲಾ ನೋಡ್ಬೇಕು. ಬಾರವ್ವಾ,” ಎಂದರು.

ಬೆಂಚಿನವರೆಲ್ಲ ನನ್ನ ಕಡೆ ತಿರುಗಿದರು. ನಾನು ಎದ್ದು ನಿಂತು, “ನಮ್ಮ ಮನ್ಯಾಗ ಮಗ್ಗ ಇಲ್ರಿ ಸರ್. ನೀವು ನಮ್ಮ ಮನಿಗೆ ಬಂದೇ ಇಲ್ಲ” ಎಂದೆ.

ನನ್ನ ಆ ದನಿ ಇಂದಿಗೂ ಕೇಳಿಸುತ್ತದೆ. ಒಂದಿಷ್ಟೂ ನಡುಗಿರಲಿಲ್ಲ! ತರಗತಿ ಹೋ ಎಂದು ನಕ್ಕಿತು. ಮಾಸ್ತರು ಇದ್ದದ್ದನ್ನು ಒಂದು ಮಾತು ಅಂದಿದ್ದರೂ ನನ್ನ ಬಂಡವಾಳ ಬಯಲಾಗುತ್ತಿತ್ತು.

“ಹೌದವ್ವಾ, ನಂದ ತಪ್ಪು. ಬ್ಯಾರೆ ಯಾರದೋ ಮನಿ ಇರಬೇಕು,” ಎಂದು ಲಡಿಯನ್ನು ಚೀಲಕ್ಕೆ ಹಾಕಿಕೊಂಡರು.

ಅಂದಿನಿಂದ ಹುಡುಗರು ಅವರನ್ನು ಮರೆಗುಳಿ ಮಾಸ್ತರ ಎಂದು ಆಡಿಕೊಂಡರು. ಸುದ್ದಿ ಹೆಡ್‌ಮಾಸ್ತರರ ಕಿವಿಗೂ ಬಿದ್ದು, ಶನಿವಾರದ ಆ ಪಿರಿಯಡ್ಡು ಲೆಕ್ಕ ಬಿಡಿಸುವುದಕ್ಕೆ ಹೋಯಿತು. ನನ್ನ ನಂತರ ಸರದಿಯಲ್ಲಿದ್ದವರ ಪುಟಗಳು ಖಾಲಿಯೇ ಉಳಿದವು. ಅವರಿಗೆ ಏನೇನು ಬರುತ್ತಿತ್ತೋ, ಯಾರಿಗೂ ಗೊತ್ತಾಗಲಿಲ್ಲ.

ಆದರೂ ಮಾಸ್ತರು ಕೊಟ್ಟ ಮಾತಿನಂತೆ ಅರ್ಜಿ ತಂದು ಅವ್ವನ ಕೈಗೆ ಕೊಟ್ಟು ಹೋಗಿದ್ದರು. ನಾನು ತುಂಬಲಿಲ್ಲ. ಗೆಳತಿಯರ ಹಿಂದೆ ಸೈನ್ಸಿಗೆ ಹೋದೆ, ಪಿಯುಸಿಯಲ್ಲಿ ಫೇಲಾದೆ, ಸುತ್ತಿ ಬಳಸಿ ಬಿ.ಎಡ್. ಮಾಡಿ ಈ ಸ್ಟಾಫ್ ರೂಮಿಗೆ ಬಂದು ಸೇರಿದೆ. ಖರೆ ಹೇಳಬೇಕೆಂದರೆ ಪಾಠ ಮಾಡುವುದು ನನಗೆ ಅಷ್ಟಕ್ಕಷ್ಟೆ. ಅದಿರಲಿ. ಒಮ್ಮೆ ಇಳಕಲ್ ಬಸ್‌ಸ್ಟ್ಯಾಂಡಿನಲ್ಲಿ ಅವರು ಕಂಡಿದ್ದರು. ತಪ್ಪಾಯಿತು ಅನ್ನುವುದಕ್ಕೆ ಎಷ್ಟು ಹೊತ್ತು ಬೇಕಿತ್ತು? ನಾನು ಕಂಬದ ಮರೆಗೆ ಸರಿದು ನಿಂತೆ. ಹೋದ ವರ್ಷ ಅವರು ತೀರಿಕೊಂಡ ಸುದ್ದಿ ಬಂತು...

ಕೈಯಲ್ಲಿದ್ದ ಫಾರ್ಮೊಂದರಲ್ಲಿ ಹುಡುಗಿಯೊಬ್ಬಳು ಸಾಮರ್ಥ್ಯದ ಮುಂದೆ ‘ಏನೂ ಇಲ್ಲ’ ಎಂದು ಬರೆದಿದ್ದಳು. ಅವಳ ಮನೆಯನ್ನು ನಾನು ನೋಡಿಲ್ಲ. ಕೇಳಿಯೂ ಇಲ್ಲ. ಫೈಲಿಗೆ ಸೇರಿಸದೆ ಅದನ್ನು ಪಕ್ಕಕ್ಕಿಟ್ಟೆ.

ಹಿಂದಿ ಟೀಚರು ಸೀರೆ ಮಡಚುತ್ತಿದ್ದರು.

“ಇತ್ರಿ,” ಎಂದೆ. “ನಮ್ಮ ಮನ್ಯಾಗ ಮಗ್ಗ ಇತ್ರಿ. ಕೊಂಡಿ ನಾನ ಹಾಕ್ತಿದ್ದೆ.”

“ಹೌದಾ? ಹಂಗಾರ ಇದು ಖರೇನ ಕೈಮಗ್ಗದ್ದೇನು, ನೋಡಿ ಹೇಳ್ರಿ,” ಎಂದು ಅವರು ಸೆರಗನ್ನು ನನ್ನ ಮುಂದೆ ಹಿಡಿದರು.

ನೋಡಿ ಹೇಳಿದೆ. ಅವರಿಗೆ ಅದು ಸೀರೆಯ ಮಾತಷ್ಟೇ. ಕೇಳಬೇಕಾಗಿದ್ದವರು ಅಲ್ಲಿರಲಿಲ್ಲ.