ಕಣ್ಣು ಮುಚ್ಚದ ತಲೆಸ್ನಾನ

ಎಕ್ಸ್‌ರೇ ಅಕ್ಕ ಹುಟ್ಟಿದ ಗಳಿಗೆಯಲ್ಲಿ ಅಳಲೇ ಇಲ್ಲವಂತೆ. ಮೊದಲು ಹೆರಿಗೆ ಮಾಡಿಸಿದವಳ ಎರಡೂ ಅಂಗೈ ಬಿಚ್ಚಿಸಿ ನೋಡಿ, ಏನನ್ನೂ ಬಚ್ಚಿಟ್ಟುಕೊಂಡಿಲ್ಲ ಎಂದು ಖಾತ್ರಿಯಾದ ಮೇಲೆ ಒಂದು ಸಲ ಅತ್ತಳಂತೆ. ಹೀಗೆಂದು ಹೇಳುವವನು ಅವಳ ಗಂಡ. ಅವನು ಆಗ ಅಲ್ಲಿರಲಿಲ್ಲ, ನಿಜ. ಆದರೆ ಅವಳೊಂದಿಗೆ ಇಷ್ಟು ವರ್ಷ ಸಂಸಾರ ಮಾಡಿ, ಪ್ರತಿ ಸಂಜೆ ಜೇಬು ಮಗುಚಿ ತೋರಿಸುತ್ತ ಬಂದವನ ಮಾತನ್ನು ತೀರ ತಳ್ಳಿಹಾಕುವಂತೆಯೂ ಇಲ್ಲ.

ಅಕ್ಕನ ಕೆಲಸ ಸಿದ್ಧ ಉಡುಪಿನ ಕಾರ್ಖಾನೆಯ ಹೆಂಗಸರ ಗೇಟಿನಲ್ಲಿ. ಸಂಜೆ ಗಂಟೆ ಹೊಡೆದ ಕೂಡಲೇ ಹೊಲಿಗೆ ವಿಭಾಗದವರೆಲ್ಲ ಸಾಲಾಗಿ ಬರುತ್ತಿದ್ದರು. ಒಬ್ಬೊಬ್ಬಳೂ ಅಕ್ಕನ ಮುಂದೆ ತಲೆ ಬಗ್ಗಿಸಬೇಕು, ಅಕ್ಕ ಮೂರು ಬೆರಳಿನಿಂದ ತುರುಬನ್ನು ಒತ್ತಿ ನೋಡಬೇಕು. ಮೊದಲು ತುರುಬು, ಆಮೇಲೆ ಊಟದ ಡಬ್ಬಿ, ಕೊನೆಗೆ ಚೀಲ. ಯಾಕೆಂದರೆ ನೂಲಿನ ಬಾಬಿನ್ನು, ಜಿಪ್ಪು, ಒಳ್ಳೆಯ ಗುಂಡಿ ಇವೆಲ್ಲ ಕಾರ್ಖಾನೆ ಬಿಡುವುದು ತುರುಬಿನ ಸವಾರಿಯಲ್ಲೇ. ಅಕ್ಕ ಡ್ಯೂಟಿಯಲ್ಲಿದ್ದ ದಿನ ಹೇನು ಕೂಡ ಗುರುತಿನ ಚೀಟಿ ತೋರಿಸದೆ ಆ ಗೇಟು ದಾಟುತ್ತಿರಲಿಲ್ಲ. ಒಮ್ಮೆ ಒಬ್ಬಳು ಸಾಲಿನ ತುದಿಯಲ್ಲಿ ನಿಂತು, ಗುಂಡಿ ಕದಿಯಬೇಕೆಂದು ಮನಸ್ಸಿನಲ್ಲಿ ಬರೀ ಯೋಚನೆ ಮಾಡಿದ್ದಳಂತೆ. ಅಕ್ಕ ಗೇಟಿನಿಂದಲೇ ಅವಳನ್ನು ಬೆರಳು ಮಾಡಿ ಕರೆದಳು. ಎಕ್ಸ್‌ರೇ ಎಂಬ ಹೆಸರು ಅಂಟಿಕೊಂಡದ್ದು ಹಾಗೆ.

ಕೆಲಸದ ಅಭ್ಯಾಸ ಗೇಟಿನಲ್ಲೇ ಉಳಿದಿದ್ದರೆ ಚೆನ್ನಾಗಿತ್ತು. ಅದು ಅಕ್ಕನ ಹಿಂದೆಯೇ ಮನೆಗೂ ಬರುತ್ತಿತ್ತು. ಮಗ ಲಾರಿ ಓಡಿಸುತ್ತ ತಿಂಗಳಲ್ಲಿ ಮುಕ್ಕಾಲು ಪಾಲು ರಸ್ತೆಯ ಮೇಲೇ ಇರುವವನು. ಅವನ ಮದುವೆಯಾಗಿ ಸೊಸೆ ಮನೆಗೆ ಬಂದ ಮಾರನೆಯ ಬೆಳಿಗ್ಗೆ, ಸಾಗಣೆ ಕಚೇರಿಯ ಟೈಪಿಂಗ್ ಕೆಲಸಕ್ಕೆ ಹೊರಟ ಆ ಹುಡುಗಿಯ ತುರುಬಿನ ಮೇಲೆ ಅಕ್ಕನ ಮೂರು ಬೆರಳು ಬಿದ್ದವು. ಅತ್ತೆ ಆಶೀರ್ವಾದ ಮಾಡುತ್ತಿದ್ದಾರೆ ಎಂದುಕೊಂಡು ಹುಡುಗಿ ಇನ್ನೂ ಕೆಳಗೆ ಬಗ್ಗಿದಳು. ಡಬ್ಬಿಯ ಮುಚ್ಚಳ ತೆರೆಸಿದಾಗಲೇ ಅವಳಿಗೆ ಇದು ಬೇರೆ ಬಗೆಯ ಆಶೀರ್ವಾದ ಎಂದು ತಿಳಿದದ್ದು. ಅಂದಿನಿಂದ ಅವಳೂ ಹೊಸಿಲ ಹತ್ತಿರ ಒಂದು ಕ್ಷಣ ನಿಂತು ತಲೆ ಬಗ್ಗಿಸಿ ಹೋಗುತ್ತಿದ್ದಳು.

ಇಂಥ ಅಕ್ಕ ತಲೆಸ್ನಾನ ಮಾಡುವ ರೀತಿಯೇ ಬೇರೆ. ಕಾರ್ಖಾನೆಯಲ್ಲಿ ಹಾರುವ ಹತ್ತಿಯ ಎಳೆ ದಿನಾ ಅವಳ ಕೂದಲಿಗೆ ಸಿಕ್ಕಿಕೊಳ್ಳುತ್ತಿತ್ತು. ಸಂಜೆ ಮನೆಗೆ ಬರುವಷ್ಟರಲ್ಲಿ ತಲೆಯ ಮೇಲೆ ಒಂದು ದಿಂಬು ತುಂಬುವಷ್ಟು ಹತ್ತಿ. ಹಾಗಾಗಿ ದಿನಾ ತಲೆ ತೊಳೆಯಲೇಬೇಕು. ಬಚ್ಚಲುಮನೆಯ ಬಾಗಿಲನ್ನು ಅರ್ಧ ತೆರೆದಿಟ್ಟು, ಅಡುಗೆಮನೆಯ ಕಪಾಟೂ ಮುಂಬಾಗಿಲ ಚಿಲಕವೂ ಒಟ್ಟಿಗೆ ಕಾಣುವಂತೆ ನಿಂತು, ಬಟ್ಟೆ ಸೋಪಿನಿಂದಲೇ ಗಸಗಸ ಉಜ್ಜಿ, ನಾಲ್ಕು ತಂಬಿಗೆ ನೀರು ಸುರಿದುಕೊಂಡು ಮುಗಿಸುತ್ತಿದ್ದಳು. ಇಷ್ಟರಲ್ಲಿ ಒಂದು ಸಲವೂ ಕಣ್ಣು ಮುಚ್ಚುತ್ತಿರಲಿಲ್ಲ. ಲೋಕದಲ್ಲಿ ನಡೆಯುವ ಕಳ್ಳತನವೆಲ್ಲ ಯಾರೋ ಒಬ್ಬರು ಸೋಪಿಗೆ ಕಣ್ಣು ಮುಚ್ಚಿದ ಹೊತ್ತಿನಲ್ಲೇ ನಡೆಯುವುದು ಎನ್ನುವುದು ಅವಳ ಗಟ್ಟಿ ನಂಬಿಕೆ. ನೊರೆ ಕಣ್ಣಿಗೆ ಇಳಿದು ಉರಿದರೂ ರೆಪ್ಪೆ ಅಲುಗಿಸದೆ ಕಪಾಟನ್ನೇ ದಿಟ್ಟಿಸುತ್ತಿದ್ದಳು. ಆ ನೋಟಕ್ಕೆ ಕಪಾಟಿನೊಳಗಿನ ಹಾಲು ಕೆನೆಗಟ್ಟುತ್ತಿತ್ತು ಎಂದು ಗಂಡನ ಇನ್ನೊಂದು ಆರೋಪ.

ಕೊನೆಗೆ ಕಣ್ಣುಗಳೇ ಮುಷ್ಕರ ಹೂಡಿದವು. ಕೆಂಪಗಾಗಿ, ನೀರು ಸುರಿಸಿ, ಸಂಜೆಯ ಹೊತ್ತಿಗೆ ಎದುರಿನವಳ ತುರುಬು ಒಂದೋ ಎರಡೋ ಎಂದು ತಿಳಿಯದಷ್ಟಾಯಿತು. ಕಾರ್ಖಾನೆಯ ಡಾಕ್ಟರು ರೆಪ್ಪೆ ಎತ್ತಿ ನೋಡಿ, ಇದು ಸೋಪಿನ ಹಾವಳಿ, ತಲೆ ತೊಳೆಯುವಾಗ ಕಣ್ಣು ಮುಚ್ಚಿಕೊಳ್ಳಬೇಕು, ಆಮೇಲೂ ಸ್ವಲ್ಪ ಹೊತ್ತು ಮುಚ್ಚಿಯೇ ಇರಬೇಕು ಎಂದರು. ಮುಂದಿನ ತಿಂಗಳು ಮತ್ತೆ ನೋಡುತ್ತೇನೆ, ಹೀಗೇ ಇದ್ದರೆ ಗೇಟಿನಿಂದ ತೆಗೆದು ನೂಲು ಕತ್ತರಿಸುವ ವಿಭಾಗಕ್ಕೆ ಹಾಕಲು ಬರೆಯುತ್ತೇನೆ ಎಂದೂ ಸೇರಿಸಿದರು.

ನೂಲು ಕತ್ತರಿಸುವುದು ಕಷ್ಟದ ಕೆಲಸವೇನಲ್ಲ. ಅಕ್ಕ ಹೆದರಿದ್ದು ಬೇರೆ ಕಾರಣಕ್ಕೆ. ಆ ವಿಭಾಗಕ್ಕೆ ಹೋದರೆ ದಿನಾ ಸಂಜೆ ತಾನೂ ಸಾಲಿನಲ್ಲಿ ನಿಲ್ಲಬೇಕು. ಗೇಟಿನಲ್ಲಿ ಕೂತ ಯಾವಳೋ ಹೊಸಬಳ ಮುಂದೆ ತಾನೂ ತಲೆ ಬಗ್ಗಿಸಬೇಕು. ಅವಳ ಮೂರು ಬೆರಳು ತನ್ನ ತುರುಬಿಗೆ ತಾಗಬೇಕು. ಆ ರಾತ್ರಿ ಅವಳಿಗೆ ಅನ್ನ ಸೇರಲಿಲ್ಲ. ಡಾಕ್ಟರು ಮೇಲ್ವಿಚಾರಕನ ಕಡೆಯವರಿರಬೇಕು, ಮೇಲ್ವಿಚಾರಕನಿಗೆ ಯಾರೋ ತಂಗಿ ಇರಬೇಕು, ಆ ತಂಗಿಗೆ ಗೇಟಿನ ಮೇಲೆ ಕಣ್ಣಿರಬೇಕು ಎಂದು ಒಂದರ ಬಾಲಕ್ಕೆ ಇನ್ನೊಂದನ್ನು ಗಂಟು ಹಾಕುತ್ತ ಕೂತಳು.

ಆಗ ಸೊಸೆ ಒಂದು ಉಪಾಯ ಹೇಳಿದಳು. ತಲೆ ತೊಳೆಯುವುದನ್ನು ಪಾತ್ರೆ ತೊಳೆದಂತೆ ಮಾಡುವುದು ಬೇಡ, ನಿಧಾನವಾಗಿ ಮಾಡೋಣ ಎಂದಳು. ಮೊದಲು ಉಗುರುಬೆಚ್ಚಗಿನ ಎಣ್ಣೆ ಹಚ್ಚಿ ಬೆರಳ ತುದಿಯಿಂದ ನೆತ್ತಿ ತೀಡುವುದು, ಆಮೇಲೆ ಉರಿಯದಂಥ ಶಾಂಪೂ, ಹದವಾದ ನೀರು, ಕೊನೆಗೆ ಬಿಸಿನೀರಲ್ಲಿ ಹಿಂಡಿದ ಟವೆಲ್ಲು ಸುತ್ತಿಕೊಂಡು ಸ್ಟೂಲಿನ ಮೇಲೆ ಕಣ್ಣು ಮುಚ್ಚಿ ಆರಾಮವಾಗಿ ಕೂರುವುದು. ದೀಪ ಸಣ್ಣದು. ಬಾಗಿಲು ಪೂರ್ತಿ ಮುಚ್ಚಿದ್ದು.

"ಬಾಗಿಲು ಯಾಕೆ ಮುಚ್ಚಬೇಕು?" ಎಂದಳು ಅಕ್ಕ.

"ತೆರೆದಿದ್ರೆ ನೀವು ಕಣ್ಣು ಮುಚ್ಚಲ್ಲ ಅತ್ತೆ, ಅದಕ್ಕೆ."

ಉತ್ತರ ಸರಿಯಾಗಿತ್ತು. ಸರಿಯಾದ ಉತ್ತರ ಥಟ್ಟನೆ ಬಂದರೆ ಅಕ್ಕನಿಗೆ ಇನ್ನಷ್ಟು ಅನುಮಾನ. ಗೇಟಿನಲ್ಲಿ ಅವಳ ಅನುಭವ ಅದೇ ಆಗಿತ್ತು. ನಗುನಗುತ್ತ ಬಾಳೆಹಣ್ಣು ಕೊಡಲು ಬಂದವಳ ತುರುಬಿನಲ್ಲಿ ಎರಡು ಬಾಬಿನ್ನು ಇದ್ದೇ ಇರುತ್ತವೆ. ಇವಳಿಗೆ ನನ್ನ ನೆತ್ತಿಯ ಮೇಲೆ ಏಕಾಏಕಿ ಇಷ್ಟು ಪ್ರೀತಿ ಎಲ್ಲಿಂದ ಬಂತು? ನನ್ನನ್ನು ಒಳಗೆ ಕೂಡಿಹಾಕಿ ಹೊರಗೆ ಏನು ಮಾಡುವವರಿದ್ದಾರೆ? ಗಂಡನ ಮುಖ ನೋಡಿದಳು. ಬಿಚ್ಚಿದ ರೇಡಿಯೊ ಮುಂದೆ ಕೂತು ತಿರುಪು ತಿರುಗಿಸುತ್ತಿದ್ದ ಅವನು, "ಒಳ್ಳೇದೇ ಅಲ್ವೇನೇ, ಮಾಡಿಸ್ಕೋ" ಎಂದ. ಅವನು ಯಾವ ವಿಷಯಕ್ಕೂ ಅಷ್ಟು ಬೇಗ ಒಪ್ಪುವವನಲ್ಲ. ಇಬ್ಬರೂ ಸೇರಿಕೊಂಡಿದ್ದಾರೆ ಎಂದು ಅಕ್ಕ ಅಲ್ಲೇ ತೀರ್ಮಾನಿಸಿದಳು. ಆದರೂ ಗೇಟು ಉಳಿಯಬೇಕಲ್ಲ. ಒಪ್ಪಿಕೊಂಡಳು.

ಮೊದಲ ಸಂಜೆ ಸೊಸೆಯ ಬೆರಳು ನೆತ್ತಿಗೆ ತಾಗಿದಾಗ ಅಕ್ಕನ ಮೈಯೆಲ್ಲ ಸೆಟೆದು ಹಲಗೆಯಾಯಿತು. ಹುಡುಕುವವಳ ತಲೆಯನ್ನು ಅದುವರೆಗೆ ಯಾರೂ ಮುಟ್ಟಿರಲಿಲ್ಲ. ಇವಳೇನಾದರೂ ಹುಡುಕುತ್ತಿದ್ದಾಳೋ ಎಂದು ಒಂದು ಕಣ್ಣು ಬಿಟ್ಟು ನೋಡಿದಳು. ಬೆರಳು ಕಿವಿಯ ಹಿಂದೆ, ಕತ್ತಿನ ಬುಡದಲ್ಲಿ ಮೆಲ್ಲಗೆ ಸುತ್ತುಹಾಕಿತು. ಅಲ್ಲಿ ಒಂದು ಗಂಟು ಇತ್ತು, ಮದುವೆಗೂ ಮುಂಚಿನದು. ಅದು ಬಿಚ್ಚಿಕೊಂಡ ಸದ್ದು ತನಗೇ ಕೇಳಿಸಿತು ಎಂದು ಅಕ್ಕ ಆಮೇಲೆ ಆಣೆ ಮಾಡಿ ಹೇಳುತ್ತಿದ್ದಳು. ಟವೆಲ್ಲು ಸುತ್ತಿ ಸೊಸೆ ಬಾಗಿಲು ಮುಚ್ಚಿಕೊಂಡು ಹೋದಳು. ಬೆಚ್ಚಗಿನ ಹಬೆ ಹಣೆಯಿಂದ ಕೆಳಗೆ ಇಳಿಯಿತು. ರೆಪ್ಪೆ ಭಾರವಾಯಿತು. ಇದೇ, ಇದೇ ಮೋಸ, ಎಂದುಕೊಂಡು ಅಕ್ಕ ಕಣ್ಣನ್ನು ಮತ್ತೆ ಅಗಲಿಸಿದಳು.

ಕೆಲವು ದಿನಗಳಲ್ಲಿ ಕಣ್ಣುಗಳು ಅವಳ ಮಾತು ಕೇಳುವುದನ್ನು ಬಿಟ್ಟವು. ಟವೆಲ್ಲು ಸುತ್ತಿದೊಡನೆ ತಾವೇ ಮುಚ್ಚಿಕೊಳ್ಳತೊಡಗಿದವು. ಆಗ ಕಿವಿಗಳು ಡ್ಯೂಟಿಗೆ ಬಂದವು. ಹೊರಗೆ ಕುರ್ಚಿ ಎಳೆದ ಸದ್ದು. ಡಬ್ಬಿಯ ಮುಚ್ಚಳ ತೆಗೆದ ಸದ್ದು. ಯಾರೋ ಏನನ್ನೋ ಕೆಳಗೆ ಚೆಲ್ಲಿದ ಸದ್ದು. ಪಿಸುಮಾತು. ಆಮೇಲೆ, ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ನಕ್ಕ ಹಾಗೆ ಒಂದು ನಗು. ಅಕ್ಕ ತಲೆ ಒರೆಸಿಕೊಂಡು ಹೊರಗೆ ಬರುವಷ್ಟರಲ್ಲಿ ಮಾತ್ರ ಗಂಡ ರೇಡಿಯೊ ಮುಂದೆ, ಸೊಸೆ ಒಲೆಯ ಮುಂದೆ, ಮನೆ ಫೋಟೊ ತೆಗೆಸಿಕೊಳ್ಳಲು ನಿಂತಷ್ಟು ಸ್ತಬ್ಧ. ಕಪಾಟು ನೋಡಿದಳು, ಪೆಟ್ಟಿಗೆ ನೋಡಿದಳು, ಅಕ್ಕಿ ಡಬ್ಬಿಯೊಳಗೆ ಮೊಣಕೈವರೆಗೆ ಕೈ ಹಾಕಿ ತಡಕಿದಳು. ಒಂದೂ ಕಡಿಮೆಯಾಗಿರಲಿಲ್ಲ. ಏನೂ ಕಡಿಮೆಯಾಗದಿರುವುದೇ ಅವಳನ್ನು ಹೆಚ್ಚು ಹೆದರಿಸಿತು. ಇಷ್ಟು ಅಚ್ಚುಕಟ್ಟಾಗಿ ಕದಿಯುವವರನ್ನು ಅವಳು ಗೇಟಿನಲ್ಲಿಯೂ ಕಂಡಿರಲಿಲ್ಲ.

ಡಾಕ್ಟರ ಬಳಿ ಹೋಗಲು ಎರಡೇ ದಿನ ಇದ್ದಾಗ ಅವಳ ಸಹನೆ ಮುಗಿಯಿತು. ಆ ಸಂಜೆ ಶಾಂಪೂ ಹಚ್ಚಿ ಸೊಸೆ ಹೊರಗೆ ಹೋದಳು. ಸ್ವಲ್ಪ ಹೊತ್ತು ನೆನೆಯಲಿ ಅತ್ತೆ, ಬಿಸಿನೀರು ತರುತ್ತೇನೆ ಎಂದು ಹೇಳಿಯೇ ಹೋದಳು. ಆದರೆ ಹೊರಗಿನಿಂದ ನಗು ಕೇಳಿಸಿತು. ಅಕ್ಕ ಎದ್ದಳು. ತಲೆಯ ಮೇಲೆ ಮೊಳದೆತ್ತರದ ನೊರೆ ಹೊತ್ತು, ಸೀರೆ ಸೊಂಟಕ್ಕೆ ಸಿಕ್ಕಿಸಿ, ಕಾಲಿನ ಸದ್ದಾಗದಂತೆ ನಡೆದು, ನಡುಮನೆಯ ಬಾಗಿಲನ್ನು ದಡಾರನೆ ತಳ್ಳಿದಳು.

ಗಂಡ ಮೇಜಿನ ಮೇಲೆ ಎರಡೂ ಕಾಲು ಚಾಚಿ ಕೂತಿದ್ದ. ಹೊಟ್ಟೆಯ ಮೇಲೆ ಬಿಸ್ಕತ್ತಿನ ಡಬ್ಬಿ. ಎದೆಯ ಮೇಲೆ, ನೆಲದ ಮೇಲೆ, ಬಿಚ್ಚಿದ ರೇಡಿಯೊ ಒಳಗೆ ಕೂಡ ಬಿಸ್ಕತ್ತಿನ ಪುಡಿ. ಸೊಸೆ ನೆಲದ ಮೇಲೆ ಅಂಗಾತ ಮಲಗಿದ್ದಳು. ಕೂದಲು ಬಿಚ್ಚಿ ಹರಡಿಕೊಂಡು, ಪಿನ್ನುಗಳನ್ನು ಸುತ್ತ ಚೆಲ್ಲಿಕೊಂಡು, ಕಾಲಿನ ಮೇಲೆ ಕಾಲು ಹಾಕಿ ಕುಣಿಸುತ್ತ ಮಾವ ಹೇಳುತ್ತಿದ್ದ ಯಾವುದೋ ಸುಳ್ಳಿಗೆ ನಗುತ್ತಿದ್ದಳು. ನೊರೆಯ ಗೋಪುರ ಬಾಗಿಲಲ್ಲಿ ಕಂಡದ್ದೇ ತಡ, ಗಂಡನ ಕಾಲು ಕೆಳಗೆ ಬಂತು, ಬಿಸ್ಕತ್ತು ಬೆನ್ನ ಹಿಂದೆ ಹೋಯಿತು. ಸೊಸೆ ಎದ್ದು ನಿಂತಳು. ನಿಂತವಳು, ಯಾರೂ ಕೇಳದೆಯೇ, ಬಿಚ್ಚಿದ ಕೂದಲಿನ ತಲೆಯನ್ನು ಅತ್ತೆಯ ಮುಂದೆ ಬಗ್ಗಿಸಿದಳು.

ಅಕ್ಕ ಆ ಬಗ್ಗಿದ ತಲೆಯನ್ನು ನೋಡಿದಳು. ಗೇಟಿನಲ್ಲಿ ಸಾವಿರ ತಲೆ ನೋಡಿದವಳಿಗೆ ಇದೊಂದನ್ನು ಏನು ಮಾಡಬೇಕೆಂದು ತೋಚಲಿಲ್ಲ.

"ಏನ್ ನಡೀತಿದೆ ಇಲ್ಲಿ?" ಎಂದಳು. ಗಡುಸಾಗಿ ಕೇಳಬೇಕೆಂದುಕೊಂಡಿದ್ದ ಮಾತು ಅರ್ಧಕ್ಕೇ ಮೆತ್ತಗಾಯಿತು.

"ಏನೂ ಇಲ್ಲ ಕಣೇ. ಸುಮ್ನೆ ಕೂತಿದೀವಿ."

"ಸುಮ್ನೆ ಅಂದ್ರೆ?"

ಗಂಡ ಸೊಸೆಯ ಮುಖ ನೋಡಿದ. ಸೊಸೆ ತಲೆ ಎತ್ತಿದಳು. "ಸುಳ್ಳು ಯಾಕೆ ಅತ್ತೆ. ನಿಮ್ಮ ಕಣ್ಣಿಗೆ ಅಂತಾನೇ ಶುರು ಮಾಡಿದ್ದು. ಆದ್ರೆ ನೀವು ಒಳಗೆ ಕೂತಿರೋ ಹೊತ್ತಲ್ಲಿ ನಾವಿಬ್ರೂ ಒಂಚೂರು ಉಸಿರು ಬಿಡ್ತೀವಿ. ಯಾರೂ ನೋಡ್ತಿರಲ್ಲ, ಅಷ್ಟೇ."

ಅಂದರೆ ಸಂಚು ಇದ್ದದ್ದು ನಿಜ. ತನ್ನನ್ನು ಒಳಗೆ ಕೂರಿಸಿ ಹೊರಗೆ ಇವರು ಏನನ್ನೋ ಹೊಡೆಯುತ್ತಿದ್ದದ್ದೂ ನಿಜ. ಇಷ್ಟು ದಿನದ ಅನುಮಾನ ಸರಿಯಾಯಿತಲ್ಲ ಎಂದು ಅಕ್ಕನಿಗೆ ಒಂದು ಕ್ಷಣ ಹೆಮ್ಮೆಯೇ ಆಯಿತು. ಮರುಕ್ಷಣ ಆ ಹೆಮ್ಮೆಯನ್ನು ಎಲ್ಲಿ ಇಡುವುದೆಂದು ತಿಳಿಯಲಿಲ್ಲ. ಕದ್ದ ಮಾಲನ್ನು ಕಿತ್ತುಕೊಂಡು ಗೇಟಿನ ಡಬ್ಬಿಗೆ ಹಾಕಬಹುದು. ಕದ್ದು ಬಿಟ್ಟ ಉಸಿರನ್ನು ಯಾವ ಡಬ್ಬಿಗೆ ಹಾಕುವುದು? ಅಷ್ಟರಲ್ಲಿ ನೊರೆ ಹಣೆಯಿಂದ ಇಳಿದು ಹುಬ್ಬು ದಾಟಿತು. ಎದುರಿಗೆ ಇಬ್ಬರು ಕಳ್ಳರು, ಕಣ್ಣಂಚಿನಲ್ಲಿ ಶಾಂಪೂ, ಎರಡು ದಿನದಲ್ಲಿ ಡಾಕ್ಟರು. ಇಲ್ಲೇ ನಿಂತು ಇವರನ್ನು ಕಾಯಬಹುದು, ಇಲ್ಲವೆ ಗೇಟು ಕಾಯಬಹುದು. ಎರಡೂ ಆಗುವುದಿಲ್ಲ.

ಅಕ್ಕ ಕಣ್ಣು ಮುಚ್ಚಿದಳು. ನಡುಮನೆಯ ನಟ್ಟನಡುವೆ, ಗಂಡ ಸೊಸೆ ಇಬ್ಬರೂ ಕೈಯಳತೆಯಲ್ಲಿರುವಾಗ, ಎರಡೂ ಕಣ್ಣು. ರೇಡಿಯೊ ಕೂಡ ಬೆರಗಾಗಿ ಒಂದು ಸಲ ಗೊರಗೊರ ಎಂದು ಸುಮ್ಮನಾಯಿತು.

"ಕೈ ಹಿಡ್ಕೊಂಡು ಬಚ್ಚಲಿಗೆ ಬಿಡು" ಎಂದಳು ಸೊಸೆಗೆ. ಬಾಗಿಲು ಮುಚ್ಚುವ ಮುಂಚೆ, "ರೀ, ಆ ಪುಡಿ ಒರೆಸಿ. ಇರುವೆ ಬರುತ್ತೆ" ಎಂದಳು. ಮಾರನೆಯ ಬೆಳಿಗ್ಗೆ ಸೊಸೆ ಹೊಸಿಲ ಬಳಿ ಎಂದಿನಂತೆ ನಿಂತಳು. ಅಕ್ಕನ ಮೂರು ಬೆರಳು ಎಂದಿನಂತೆ ಮೇಲೆದ್ದವು, ದಾರಿಯ ಮಧ್ಯೆ ಗೊಂದಲಕ್ಕೆ ಬಿದ್ದು ನಿಂತವು, ಕೊನೆಗೆ ವಾಪಸ್ಸು ಬಂದು ಅಕ್ಕನ ತಲೆಯನ್ನೇ ಕೆರೆದುಕೊಂಡವು.

ಡಾಕ್ಟರು ಟಾರ್ಚು ಬಿಟ್ಟು, ರೆಪ್ಪೆ ಎಳೆದು, ಗೋಡೆಯ ಮೇಲಿನ ಅಕ್ಷರಗಳನ್ನು ಓದಿಸಿದರು. ಅಕ್ಕ ಕೊನೆಯ ಸಾಲಿನ ಸಣ್ಣ ಅಕ್ಷರಗಳನ್ನೂ ಓದಿ, ಅದರ ಕೆಳಗೆ ಹಲಗೆ ಅಚ್ಚುಹಾಕಿದವರ ಹೆಸರನ್ನೂ ಓದಿ, ಡಾಕ್ಟರ ಮೇಜಿನ ಮೇಲೆ ಬೋರಲಾಗಿ ಇಟ್ಟಿದ್ದ ಕಾಗದವನ್ನೂ ಓದಲು ಶುರು ಮಾಡಿದಾಗ ಅವರೇ ಸಾಕು ಎಂದು ತಡೆದರು. ಕಣ್ಣು ಪೂರ್ತಿ ಸರಿಯಾಗಿದೆ, ಗೇಟಿನಲ್ಲೇ ಇರಲಿ ಎಂದು ಬರೆದುಕೊಟ್ಟರು.

ಸಂಜೆ ಮನೆಗೆ ಬಂದು ಚಪ್ಪಲಿ ಬಿಡುತ್ತಲೇ, "ಗೇಟು ನಂದೇ" ಎಂದಳು. ಗಂಡ ಸಂತೋಷಪಟ್ಟ. ಸೊಸೆಯೂ ಸಂತೋಷಪಟ್ಟಳು. ಆಮೇಲೆ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡು, ಕೈಗೆ ಬಂದ ರಜೆ ರದ್ದಾದವರಂತೆ ತಣ್ಣಗಾದರು. ಕಣ್ಣು ಸರಿಯಾದ ಮೇಲೆ ಇನ್ನು ಮುಚ್ಚುವುದು ಯಾತಕ್ಕೆ? ಅಕ್ಕ ಬಚ್ಚಲುಮನೆಗೆ ಹೋದಳು. ಬಾಗಿಲು ತೆರೆದೇ ಇತ್ತು. ಗಂಡ ತಾನಾಗಿಯೇ ಬಿಸ್ಕತ್ತಿನ ಡಬ್ಬಿಯನ್ನು ಕಪಾಟಿಗೆ ಸೇರಿಸಿದ.

"ಎಣ್ಣೆ ಎಲ್ಲಿ?" ಎಂದು ಒಳಗಿನಿಂದ ಕೇಳಿಸಿತು.

"ಡಾಕ್ಟ್ರು ಸರಿಹೋಯ್ತು ಅಂದ್ರಲ್ಲ ಅತ್ತೆ, ಅದಕ್ಕೆ ಬಿಸಿ ಮಾಡ್ಲಿಲ್ಲ."

"ಅಷ್ಟು ಬೇಗ ಸರಿಹೋಯ್ತು ಅಂತಾರೆ ಅಂದ್ರೆ ನನಗ್ಯಾಕೋ ಅವರ ಮೇಲೇ ಅನುಮಾನ" ಎಂದಳು ಅಕ್ಕ. "ಇನ್ನೊಂದಷ್ಟು ದಿನ ಮುಚ್ಚಿ ನೋಡೋಣ."

"ಎಷ್ಟು ದಿನ?" ಎಂದು ಗಂಡ ಬಾಯಿ ಹಾಕಿದ.

"ಅದನ್ನ ನಿಮಗ್ಯಾಕೆ ಹೇಳ್ಲಿ?" ಎಂದು ಅಕ್ಕ ಬಾಗಿಲು ಮುಚ್ಚಿಕೊಂಡಳು.