ಸೇಫ್ಟಿ ಆಫೀಸರರ ದಾಲ್ಚಿನ್ನಿ ಕ್ಯಾಪ್ಸೂಲು

ನನಗೆ ಸಕ್ಕರೆ ಕಾಯಿಲೆ ಇರುವುದು ಗೊತ್ತಾದದ್ದು ಕಂಪನಿಯ ವಾರ್ಷಿಕ ತಪಾಸಣೆಯಲ್ಲಿ. ಡಾಕ್ಟರು ಮಾತ್ರೆ ಬರೆದುಕೊಟ್ಟು, ಸಿಹಿ ಬಿಡಿ, ಸಂಜೆ ನಡೆಯಿರಿ ಎಂದರು. ಬಿಜಾಪುರ ಕಡೆಯ ಹೋಳಿಗೆಪ್ರಿಯನಿಗೆ ಇದು ವೈದ್ಯಕೀಯ ಸಲಹೆಯಂತಲ್ಲ, ವೈಯಕ್ತಿಕ ಅವಮಾನದಂತೆ ಕೇಳಿಸಿತು.

ಆಗ ನಾನು ಅಬುಧಾಬಿಯ ಮುಸಫ್ಫಾದಲ್ಲಿ, ಒಂದು ಫ್ಯಾಬ್ರಿಕೇಶನ್ ಯಾರ್ಡಿನ ಎಂಜಿನಿಯರ್. ಹಮ್ದಾನ್ ಸ್ಟ್ರೀಟಿನಿಂದ ಹೊರಡುವ ಕಂಪನಿ ಬಸ್ಸಿನಲ್ಲಿ ನನ್ನ ಪಕ್ಕದ ಸೀಟು ನಮ್ಮ ಸೇಫ್ಟಿ ಆಫೀಸರರದು. ಉಡುಪಿ ಕಡೆಯವರು. ಲಿಖಿತ ಪರವಾನಗಿ ಇಲ್ಲದೆ ಯಾರನ್ನೂ ಏಣಿ ಹತ್ತಲು ಬಿಡದವರು. ನನ್ನ ಸಂಕಟ ಕೇಳಿ ಅವರು ಚೀಲದಿಂದ ಲೇಬಲ್ಲೇ ಇಲ್ಲದ ಒಂದು ಹಸಿರು ಬಾಟಲಿ ತೆಗೆದರು.

"ನಿಮ್ದು ಮೆಟಬಾಲಿಸಂ ಸ್ಲೋ ಉಂಟು ಮಾರಾಯ್ರೆ. ಇದ್ರಲ್ಲಿ ದಾಲ್ಚಿನ್ನಿ, ಮೆಂತೆ, ಅರಿಶಿನ. ಊಟ ಆದ ಮೇಲೆ ಎರಡು. ಖಲಾಸ್!"

ಅವರೇ ಅದರ ಮಾರಾಟಗಾರರು ಎಂದು ತಿಳಿದದ್ದು ಆ ಶುಕ್ರವಾರ, ಅವರ ಮನೆಯ ಆರೋಗ್ಯ ಸಭೆಯಲ್ಲಿ. ಮೊದಲು ಬಿರಿಯಾನಿ, ನಂತರ ಕ್ಯಾರಮೆಲ್ ಪುಡ್ಡಿಂಗ್, ಕೊನೆಗೆ ಎಲ್ಲರೂ ಶ್ರದ್ಧೆಯಿಂದ ಎರಡೆರಡು ಕ್ಯಾಪ್ಸೂಲು. ಇಷ್ಟು ರುಚಿಕರವಾದ ಚಿಕಿತ್ಸೆಯನ್ನು ನಾನು ಎಲ್ಲಿಯೂ ಕಂಡಿರಲಿಲ್ಲ. ಡಾಕ್ಟರರ ಮಾತ್ರೆಗಳು ಡ್ರಾಯರ್ ಸೇರಿದವು. ಖರ್ಜೂರ, ಬಾಸುಂದಿ ಎಲ್ಲವೂ ಮತ್ತೆ ನನ್ನ ತಟ್ಟೆಗೆ ಬಂದವು.

ಎರಡು ತಿಂಗಳಲ್ಲಿ ನಾನು ಸಣ್ಣಗಾದೆ. ಬೆಲ್ಟಿಗೆ ಹೊಸ ತೂತು ಹೊಡೆಸಿದೆ. ಸೇಫ್ಟಿ ಆಫೀಸರ್ ನನ್ನನ್ನು ಬಸ್ಸಿನಲ್ಲಿ ಎಬ್ಬಿಸಿ ನಿಲ್ಲಿಸಿ, "ಇವರನ್ನು ನೋಡಿ, ಬೇರೆ ಪ್ರೂಫ್ ಬೇಕಾ?" ಎಂದರು. ನಾನು ಒಂದು ಸುತ್ತು ತಿರುಗಿಯೂ ತೋರಿಸಿದೆ. ಆ ವಾರ ಐದು ಜನ ಬಾಟಲಿ ಕೊಂಡರು.

ಹೆಂಡತಿಗೆ ಮಾತ್ರ ಈ ಸೌಂದರ್ಯ ಹಿಡಿಸಲಿಲ್ಲ. "ಪ್ಯಾಂಟ್ ಜಾರಾಕತ್ತೈತಿ, ಕೊಡಗಟ್ಲೆ ನೀರ ಕುಡೀತೀರಿ. ಇದೇನ ಆರಾಮ ಆಗೂ ಲಕ್ಷಣಾ? ನಡೀರಿ ದವಾಖಾನಿಗೆ."

ಕ್ಲಿನಿಕ್ಕಿನ ಡಾಕ್ಟರು ಹುಬ್ಬಳ್ಳಿಯವರು. ರಕ್ತದ ವರದಿ ನೋಡಿ ಕನ್ನಡಕ ತೆಗೆದರು. "ತೂಕಾ ಇಳಿದದ್ದು ಔಷಧದಿಂದ ಅಲ್ರೀ, ರೋಗದಿಂದ. ಸಕ್ಕರಿ ಏರಿ ಮೈ ಕರಗ್ಲಿಕತ್ತದ. ಮಸಾಲಿ ಸಾರಿಗೆ ಹಾಕ್ರಿ, ಮಾತ್ರಿ ಬಾಯಿಗೆ ಹಾಕ್ರಿ."

ಮರುದಿನ ಬಸ್ಸಿನಲ್ಲಿ ಸೇಫ್ಟಿ ಆಫೀಸರಿಗೆ ಇದನ್ನೆಲ್ಲ ಹೇಳಿದೆ. ವಾದಿಸುತ್ತಾರೆ ಎಂದುಕೊಂಡಿದ್ದೆ. ಅವರು ಹಿಂದಿನ ಸೀಟಿನತ್ತ ಒಮ್ಮೆ ತಿರುಗಿ ನೋಡಿ, ದನಿ ತಗ್ಗಿಸಿ ಕೇಳಿದರು: "ನನಗೂ ಈಚೆಗೆ ಬಾಯಾರಿಕೆ ಜಾಸ್ತಿ ಉಂಟು. ಆ ಡಾಕ್ಟ್ರು ಶುಕ್ರವಾರ ಇರ್ತಾರಾ?"

ಶುಕ್ರವಾರ ನಾನೇ ಜೊತೆಗೆ ಹೋದೆ. ಅವರ ಸಕ್ಕರೆ ನನ್ನದಕ್ಕಿಂತ ಮೇಲಿತ್ತು. ಹೆಲ್ಮೆಟ್ಟಿಲ್ಲದವರನ್ನು ಗೇಟಿನಲ್ಲೇ ಗದರಿಸುತ್ತಿದ್ದ ಆ ಮನುಷ್ಯ ಮಾತ್ರೆಯ ಚೀಟಿಯನ್ನು ಮತ್ತೆ ಮತ್ತೆ ಓದುತ್ತಿದ್ದುದನ್ನು ಕಂಡು ನಗು ಬರಲಿಲ್ಲ. ಅವರು ಯಾರಿಗೂ ಮೋಸ ಮಾಡಿರಲಿಲ್ಲ. ನಮಗಿಂತ ಹೆಚ್ಚು ನಂಬಿದ್ದರು, ಅಷ್ಟೆ.

ಬಸ್ಸಿನಲ್ಲಿ ತಿರುಗಿ ತೋರಿಸಿದವನು ನಾನಲ್ಲವೇ? ನನ್ನನ್ನು ನೋಡಿ ಬಾಟಲಿ ಕೊಂಡ ಐವರ ಬಳಿಗೂ ಹೋಗಿ, ರಕ್ತ ಪರೀಕ್ಷೆ ಮಾಡಿಸಿ ಎಂದು ಕೇಳಿಕೊಂಡೆ. ನಾಲ್ವರು ಮಾಡಿಸಿದರು. ಐದನೆಯವರು, ನಮ್ಮ ಸ್ಟೋರ್ ಕೀಪರ್, ಮಾತ್ರೆಯಿಂದ ಮತ್ತೆ ಮೈ ತುಂಬಿಕೊಳ್ಳುತ್ತಿದ್ದ ನನ್ನನ್ನು ಮೇಲಿಂದ ಕೆಳಗೆ ನೋಡಿ ಕನಿಕರದಿಂದ ಹೇಳಿದರು: "ಅದನ್ನು ಯಾಕೆ ಬಿಟ್ರಿ ಸಾರ್? ಆಗ ಎಷ್ಟು ಸ್ಮಾರ್ಟ್ ಕಾಣ್ತಿದ್ರಿ!"